ಹುಳ ಸತ್ತ ಮೇಲೂ ಉಳಿಯುವ ಲಿವರ್ ಕಾಯಿಲೆ

ಹೊಟ್ಟೆಯಲ್ಲಿ ಹುಳ ಅಂದರೆ ಎಲ್ಲರ ಬಾಯಲ್ಲೂ ಒಂದು ಉತ್ತರ ರೆಡಿ ಇರುತ್ತದೆ. ಒಂದು ಮಾತ್ರೆ ನುಂಗಿದರಾಯಿತು, ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಕರುಳಿನ ಜಂತುಹುಳಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜವೇ. ಲಿವರ್‌ಗೆ ಅಂಟಿಕೊಂಡ ಹುಳಗಳದ್ದು ಬೇರೆ ಕಥೆ. ಅಲ್ಲೂ ಹಲವು ಹುಳಗಳನ್ನು ಕೊಲ್ಲುವುದು ಅಷ್ಟೇನೂ ಕಷ್ಟವಲ್ಲ. ಆದರೆ ಅವು ಹತ್ತಿಪ್ಪತ್ತು ವರ್ಷ ಒಳಗಿದ್ದು ಮಾಡಿದ ಗಾಯ ಮಾಯುವಾಗ ಗಟ್ಟಿ ಕಲೆ ಬೀಳುತ್ತದಲ್ಲ, ಅದನ್ನು ಅಳಿಸುವ ಮಾತ್ರೆ ಇನ್ನೂ ಬಂದಿಲ್ಲ.

ಹಾಗಾಗಿ ‘ಇದು ವಾಸಿಯಾಗುತ್ತಾ ಡಾಕ್ಟ್ರೇ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಹುಳ, ಲಿವರ್‌ನ ಯಾವ ಭಾಗದಲ್ಲಿ ಕೂತಿದೆ, ಎಷ್ಟು ವರ್ಷದಿಂದ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವು ಹುಳಗಳು ರಕ್ತನಾಳದಲ್ಲಿ ಇರುತ್ತವೆ. ಕೆಲವು ಪಿತ್ತನಾಳದಲ್ಲಿ. ಇನ್ನು ಕೆಲವು ಲಿವರ್‌ನ ಮಾಂಸದೊಳಗೇ ಗುಳ್ಳೆ ಕಟ್ಟಿಕೊಂಡು ಬೆಳೆಯುತ್ತವೆ. ಮೂರರ ಚಿಕಿತ್ಸೆಯೂ ಬೇರೆ, ಮುಂದಿನ ಬದುಕೂ ಬೇರೆ.

ತಪ್ಪು ಹುಳದ್ದಲ್ಲ, ಮೊಟ್ಟೆಯದ್ದು

ರಕ್ತನಾಳದ ಹುಳದಿಂದ ಶುರು ಮಾಡೋಣ. ಇದರ ಕಾಯಿಲೆಗೆ ಶಿಸ್ಟೊಸೋಮಿಯಾಸಿಸ್ ಎಂದು ಹೆಸರು. 1851ರಲ್ಲಿ ಕೈರೋದಲ್ಲಿ ಜರ್ಮನ್ ವೈದ್ಯ ಥಿಯೊಡೋರ್ ಬಿಲ್‌ಹಾರ್ಜ್ ಈ ಹುಳವನ್ನು ಮೊದಲು ಗುರುತಿಸಿದ. ಅದಕ್ಕೇ ಹಲವು ಕಡೆ ಇದನ್ನು ಇಂದಿಗೂ ಬಿಲ್‌ಹಾರ್ಜಿಯಾ ಅನ್ನುತ್ತಾರೆ. ಸಿಹಿನೀರಿನ ಬಸವನಹುಳುವಿನಿಂದ ಹೊರಬರುವ ಮರಿಗಳು ನೀರಿಗಿಳಿದವರ ಚರ್ಮವನ್ನೇ ತೂರಿ ಒಳಗೆ ಹೋಗುತ್ತವೆ. ನೀರು ಕುಡಿಯಬೇಕಾಗಿಲ್ಲ, ಗಾಯ ಆಗಿರಬೇಕಾಗಿಲ್ಲ. ಬಟ್ಟೆ ಒಗೆದರೂ ಸಾಕು, ಈಜಿದರೂ ಸಾಕು.

ಬೆಳೆದ ಹುಳಗಳು ಗಂಡು ಹೆಣ್ಣು ಜೋಡಿಯಾಗಿ ಕರುಳಿನ ರಕ್ತನಾಳಗಳಲ್ಲಿ ಸಂಸಾರ ಹೂಡುತ್ತವೆ. ಸಾಮಾನ್ಯವಾಗಿ 3ರಿಂದ 10 ವರ್ಷ ಬದುಕುತ್ತವೆ, ಅಪರೂಪಕ್ಕೆ 30 ವರ್ಷದವರೆಗೂ. ಆಫ್ರಿಕಾದಲ್ಲಿ ಜಾಸ್ತಿ ಕಾಣುವ ಮ್ಯಾನ್ಸೊನಿ ಜಾತಿಯ ಹೆಣ್ಣು ದಿನಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಚೀನಾ, ಫಿಲಿಪೈನ್ಸ್ ಕಡೆಯ ಜಪೋನಿಕಮ್ ಜಾತಿಯದ್ದು ಇದರ ಹತ್ತು ಪಟ್ಟು. ಈ ಮೊಟ್ಟೆಗಳಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಮಲದಲ್ಲಿ ಹೊರಗೆ ಹೋಗುತ್ತವೆ. ಉಳಿದವು ದೇಹದಲ್ಲೇ ಉಳಿಯುತ್ತವೆ, ಅದರಲ್ಲಿ ಬಹಳಷ್ಟು ರಕ್ತದ ಜೊತೆ ಹರಿದು ಲಿವರ್‌ಗೆ ಬಂದು ಸಿಕ್ಕಿಹಾಕಿಕೊಳ್ಳುತ್ತವೆ.

ನಿಜವಾದ ತೊಂದರೆ ಶುರುವಾಗುವುದು ಇಲ್ಲಿ. ಬದುಕಿರುವ ಹುಳದ ಗೊಡವೆಗೆ ದೇಹ ಅಷ್ಟಾಗಿ ಹೋಗುವುದಿಲ್ಲ. ಸಿಕ್ಕಿಬಿದ್ದ ಮೊಟ್ಟೆಯ ಮೇಲೆ ಮಾತ್ರ ಮುಗಿಬೀಳುತ್ತದೆ. ಮೊಟ್ಟೆಯ ಸುತ್ತ ಜೀವಕೋಶಗಳ ಕೋಟೆ ಕಟ್ಟುತ್ತದೆ, ಕೋಟೆ ಕೊನೆಗೆ ನಾರಿನ ಕಲೆಯಾಗುತ್ತದೆ. ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಕವಲುಗಳ ಸುತ್ತ ಬಿಳಿ ಕೊಳವೆಗಳ ಹಾಗೆ ಈ ನಾರು ಬೆಳೆಯುತ್ತದೆ. 1904ರಲ್ಲಿ ಇದನ್ನು ವಿವರಿಸಿದ ರೋಗಶಾಸ್ತ್ರಜ್ಞ ಸಿಮ್ಮರ್ಸ್‌ಗೆ ಆಗಿನ ಕಾಲದ ಮಣ್ಣಿನ ಚಿಲುಮೆಯ ಕೊಳವೆ ನೆನಪಾಯಿತು. ‘ಪೈಪ್‌ಸ್ಟೆಮ್’ ಕಲೆ ಅನ್ನುವ ಹೆಸರು ಹಾಗೇ ಉಳಿದುಕೊಂಡಿದೆ.

ಕೊಳವೆ ಕಿರಿದಾದರೆ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಕೆಲವರಲ್ಲಿ ಅರ್ಧ ಹೊಟ್ಟೆ ತುಂಬುವಷ್ಟು. ಅನ್ನನಾಳದ ಕೆಳಗಿನ ರಕ್ತನಾಳಗಳು ಉಬ್ಬಿ ತೆಳುವಾಗುತ್ತವೆ. ಒಂದು ದಿನ ಅವು ಒಡೆದು ರಕ್ತವಾಂತಿ. ಎಷ್ಟೋ ಜನರಿಗೆ ಕಾಯಿಲೆ ಇದೆ ಅಂತ ಗೊತ್ತಾಗುವುದೇ ಆ ದಿನ.

ಇಷ್ಟು ಕೇಳಿದರೆ ಇದು ಸಿರೋಸಿಸ್ ಅಲ್ವಾ ಅನ್ನಿಸುತ್ತದೆ. ಅಲ್ಲ. ವ್ಯತ್ಯಾಸ ಚಿಕ್ಕದಲ್ಲ. ಸಿರೋಸಿಸ್‌ನಲ್ಲಿ ಲಿವರ್‌ನ ಜೀವಕೋಶಗಳೇ ಹಾಳಾಗಿರುತ್ತವೆ. ಇಲ್ಲಿ ಕಲೆ ಬಿದ್ದಿರುವುದು ದಾರಿಯಲ್ಲಿ, ಕೆಲಸ ಮಾಡುವ ಕೋಶಗಳು ಬಹುಪಾಲು ಗಟ್ಟಿಮುಟ್ಟಾಗಿ ಉಳಿದಿರುತ್ತವೆ. ಹಾಗಾಗಿ ಗುಲ್ಮ ಅಷ್ಟು ದೊಡ್ಡದಾಗಿದ್ದರೂ ಲಿವರ್‌ನ ರಕ್ತಪರೀಕ್ಷೆ ಹೆಚ್ಚುಕಮ್ಮಿ ನಾರ್ಮಲ್ ಬರಬಹುದು. ಒಮ್ಮೆ ರಕ್ತವಾಂತಿಯಾದರೂ ಸಿರೋಸಿಸ್ ರೋಗಿಗಿಂತ ಇವರು ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ರಕ್ತಸ್ರಾವವನ್ನು ಹದ್ದುಬಸ್ತಿನಲ್ಲಿಟ್ಟರೆ ಹಲವು ವರ್ಷ ಕೆಲಸ ಮಾಡಿಕೊಂಡು ಇರಬಹುದು. ಇದನ್ನು ರೋಗಿಗೆ ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವೇ ಅಂತ ನನಗನ್ನಿಸುತ್ತದೆ. ‘ಲಿವರ್ ಹೋಗಿದೆ’ ಅಂದುಬಿಟ್ಟರೆ ಮನೆಯವರು ಎಣಿಸುವ ದಿನಗಳೇ ಬೇರೆ. ಕುಡಿಯದವರನ್ನೂ ಕುಡುಕ ಅಂತ ಅನುಮಾನದಿಂದ ನೋಡುವುದು ಬೇರೆ.

ಇದಕ್ಕೆ ಔಷಧಿ ಪ್ರಾಜಿಕ್ವಾಂಟೆಲ್. 1970ರ ದಶಕದಲ್ಲಿ ಬಂದದ್ದು. ಮ್ಯಾನ್ಸೊನಿಗೆ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ, ಜಪೋನಿಕಮ್‌ಗೆ 60. ಒಂದೇ ದಿನದ ಚಿಕಿತ್ಸೆ. ಅಗ್ಗ, ಸುರಕ್ಷಿತ, ಬೆಳೆದ ಹುಳಗಳ ಮೇಲೆ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ದೇಹಕ್ಕೆ ಹೊಸದಾಗಿ ಹೊಕ್ಕ ಮರಿಹುಳಗಳು ಇದಕ್ಕೆ ಬಗ್ಗುವುದಿಲ್ಲ. ಅದಕ್ಕೇ ಇತ್ತೀಚೆಗೆ ಸೋಂಕು ತಗಲಿದವರಿಗೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೊಡುತ್ತಾರೆ. ಮತ್ತೆ ಅದೇ ನೀರಿಗಿಳಿದರೆ ಮತ್ತೆ ಸೋಂಕು. ಈ ಮಾತ್ರೆ ರಕ್ಷಾಕವಚ ಅಲ್ಲ.

ಕಲೆ ಕರಗುತ್ತಾ? ಮಕ್ಕಳಲ್ಲಿ, ಹರೆಯದವರಲ್ಲಿ, ಶುರುವಿನಲ್ಲೇ ಹುಳ ಕೊಂದರೆ ಸ್ಕ್ಯಾನಿಂಗ್‌ನಲ್ಲಿ ಕಲೆ ಕಡಿಮೆಯಾಗಿರುವುದು ಕಂಡುಬಂದಿದೆ. ವಯಸ್ಸಾಗಿ, ಕಲೆ ಬಲಿತ ಮೇಲೆ ಆ ಅದೃಷ್ಟ ಕಮ್ಮಿ. ಆಗ ಉಳಿಯುವುದು ಪೋರ್ಟಲ್ ರಕ್ತನಾಳದ ಒತ್ತಡವನ್ನು ನಿಭಾಯಿಸುವ ಕೆಲಸ. ಪ್ರೊಪ್ರನೊಲಾಲ್‌ನಂಥ ಮಾತ್ರೆ. ಎಂಡೋಸ್ಕೋಪಿ ಮೂಲಕ ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕುವುದು. ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ವಾರಕ್ಕೊಮ್ಮೆ ಬಂದು ಪೂರ್ತಿ ಮಾಡಿಸಿಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಆಪರೇಷನ್: ಗುಲ್ಮ ತೆಗೆದು ಜಠರದ ಮೇಲ್ಭಾಗದ ರಕ್ತನಾಳಗಳನ್ನು ಕಟ್ಟುವುದು, ಇಲ್ಲವೇ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುವುದು. ಬೇರೆ ದಾರಿ ಅಂದರೆ ಲಿವರ್ ಸೋಸದ ರಕ್ತ ನೇರ ಮಿದುಳಿಗೂ ಹೋಗುತ್ತದೆ, ಮಂಕು ಕವಿಯುವ ಅಪಾಯ ಇದ್ದೇ ಇದೆ. ಇನ್ನೊಂದು ಅಪಾಯವನ್ನು ಜನ ಮರೆಯುತ್ತಾರೆ. ಲಿವರನ್ನು ತಪ್ಪಿಸಿಕೊಂಡು ಹೋದ ಮೊಟ್ಟೆಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಅಲ್ಲೂ ಒತ್ತಡ ಏರಿಸಬಹುದು. ರಕ್ತವಾಂತಿ ನಿಂತಿದೆ ಅಂತ ನೆಮ್ಮದಿಯಾಗಿದ್ದವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಹೃದಯದ ಎಕೋ ಮಾಡಿಸಿ ನೋಡುವುದು ಒಳ್ಳೆಯದು.

ಈಜಿಪ್ಟಿನ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪ್ರಾಜಿಕ್ವಾಂಟೆಲ್ ಬರುವ ಮೊದಲು, 1950ರ ದಶಕದಿಂದ 80ರ ದಶಕದ ಶುರುವಿನವರೆಗೆ, ಅಲ್ಲಿ ಲಕ್ಷಾಂತರ ಜನರಿಗೆ ಆಂಟಿಮನಿ ಔಷಧಿಯ ಇಂಜೆಕ್ಷನ್‌ಗಳನ್ನು ಸಾಲಾಗಿ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಸೂಜಿಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಹರಡಿತು. ಲಿವರ್ ಉಳಿಸಲು ಹೊರಟ ಕೆಲಸ ಲಿವರ್‌ಗೆ ಇನ್ನೊಂದು ಶತ್ರುವನ್ನು ಕರೆತಂದಿತು. ಎರಡೂ ಸೇರಿದವರಲ್ಲಿ ನಿಜವಾದ ಸಿರೋಸಿಸ್ ಬೆಳೆಯಿತು. ಮುಂದೆ 2018ರಲ್ಲಿ ಅದೇ ದೇಶ ಕೋಟಿಗಟ್ಟಲೆ ಜನರ ಹೆಪಟೈಟಿಸ್ ಸಿ ಪರೀಕ್ಷೆಗೆ ಕೈಹಾಕಿ, 2023ರಲ್ಲಿ ಆ ಕಾಯಿಲೆಯ ನಿರ್ಮೂಲನೆಯ ಹಾದಿಯಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಚಿನ್ನದ ಮಟ್ಟದ ಮನ್ನಣೆ ಪಡೆಯಿತು. ಹುಳದ ಲಿವರ್ ಕಾಯಿಲೆ ಇರುವವರಿಗೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಿಸಬೇಕು ಅನ್ನುವುದು ಇದಕ್ಕೇ.

ಸದ್ದಿಲ್ಲದ ಹುಳ, ತಡವಾಗಿ ಬರುವ ಕ್ಯಾನ್ಸರ್

ಎರಡನೆಯದು ಪಿತ್ತನಾಳದ ಹುಳಗಳು, ಲಿವರ್ ಫ್ಲೂಕ್. ಥಾಯ್ಲೆಂಡಿನ ಈಶಾನ್ಯ ಭಾಗ ಮತ್ತು ಲಾವೋಸ್‌ನಲ್ಲಿ ಒಪಿಸ್ತೋರ್ಕಿಸ್, ಚೀನಾ, ಕೊರಿಯಾ, ವಿಯೆಟ್ನಾಂನಲ್ಲಿ ಕ್ಲೋನೋರ್ಕಿಸ್. ಹಸಿ ಅಥವಾ ಅರೆಬೆಂದ ಸಿಹಿನೀರಿನ ಮೀನಿನ ಮೂಲಕ ಬರುತ್ತವೆ. ಎಲೆಯಾಕಾರದ ಒಂದೆರಡು ಸೆಂಟಿಮೀಟರ್ ಉದ್ದದ ಈ ಹುಳಗಳು ಪಿತ್ತನಾಳದಲ್ಲಿ ಹಲವು ವರ್ಷ, ಕ್ಲೋನೋರ್ಕಿಸ್ ಆದರೆ 20 ವರ್ಷ ಮೀರಿಯೂ ಇರಬಲ್ಲವು. ರೋಗಿಗೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊಟ್ಟೆಯುಬ್ಬರ, ಬಲಪಕ್ಕೆಯಲ್ಲಿ ಭಾರ, ಅಷ್ಟೇ.

ಶಿಸ್ಟೊಸೋಮಿಯಾಸಿಸ್ ಹೊರಗಿನಿಂದ ನೋಡಿದಷ್ಟು ಭಯಂಕರ ಅಲ್ಲ ಎಂದೆ. ಇದು ತದ್ವಿರುದ್ಧ. ಹುಳ ಕಚ್ಚಿ, ಕೆರೆದು, ನಾಳದ ಒಳಗೋಡೆ ಸದಾ ಉರಿಯುತ್ತಿರುತ್ತದೆ. ಆ ಕೋಶಗಳು ಸಾಯುತ್ತ ಹುಟ್ಟುತ್ತ ಇರುವಾಗ, ಹುದುಗಿಸಿದ ಆಹಾರದಲ್ಲಿರುವ ನೈಟ್ರೊಸಮೈನ್‌ನಂಥ ರಾಸಾಯನಿಕಗಳೂ ಕೈಜೋಡಿಸುತ್ತವೆ. ದಶಕಗಳ ನಂತರ ಪಿತ್ತನಾಳದ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಒಪಿಸ್ತೋರ್ಕಿಸ್ ವಿವೆರಿನಿಯನ್ನು, 2009ರಲ್ಲಿ ಕ್ಲೋನೋರ್ಕಿಸ್ ಸೈನೆನ್ಸಿಸ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಪಟ್ಟಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಪಟ್ಟಿಯಲ್ಲಿ.

ಔಷಧಿ ಇಲ್ಲೂ ಪ್ರಾಜಿಕ್ವಾಂಟೆಲ್. ಕಿಲೋಗೆ 25 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಹುಳಗಳು ಹೆಚ್ಚಿನವರಲ್ಲಿ ಪೂರ್ತಿ ಹೋಗುತ್ತವೆ. ನಾಳದ ಸುತ್ತಲಿನ ಊತ, ಕಲೆ ಹಲವರಲ್ಲಿ ಇಳಿಯುತ್ತದೆ. ಎಲ್ಲರಲ್ಲೂ ಅಲ್ಲ. ಹೀಗೆ ಕಲೆ ಉಳಿದುಕೊಂಡವರ ಮೇಲೇ ಕಣ್ಣಿಡಬೇಕಾದದ್ದು. ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್ ವಿಶ್ವವಿದ್ಯಾಲಯ 2013ರಿಂದ 40 ದಾಟಿದವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ ಹಿಂಬಾಲಿಸುವ ದೊಡ್ಡ ಕಾರ್ಯಕ್ರಮ ನಡೆಸುತ್ತಿದೆ. ಅದರ ಹಿಂದಿನ ತರ್ಕ ಸರಳ. ಈ ಕ್ಯಾನ್ಸರನ್ನು ವಾಸಿಮಾಡುವ ದಾರಿ ಆಪರೇಷನ್ ಒಂದೇ. ಕಾಮಾಲೆ ಬಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹೆಚ್ಚಿನವರಿಗೆ ಆ ದಾರಿ ಮುಚ್ಚಿರುತ್ತದೆ. ಆಮೇಲೆ ನಾಳಕ್ಕೆ ಸ್ಟೆಂಟ್ ಹಾಕಿ ಕಾಮಾಲೆ ಇಳಿಸುವುದು, ಕಿಮೋಥೆರಪಿ. ಮುಂದುವರಿದ ಹಂತದಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಜೋಡಿ ಕಿಮೋ ಪಡೆದವರು ಸರಾಸರಿ ಬದುಕುತ್ತಿದ್ದದ್ದು ಸುಮಾರು ಒಂದು ವರ್ಷ. ಈಚೆಗೆ ಅದಕ್ಕೆ ಇಮ್ಯುನೊಥೆರಪಿ ಸೇರಿಸಿದ್ದರಿಂದ ಸ್ವಲ್ಪ ಹೆಚ್ಚಿದೆ. ಸ್ವಲ್ಪವೇ.

ಮಾತ್ರೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಜನ ಹಸಿಮೀನು ಬಿಡುವ ಬದಲು ಮಾತ್ರೆಯನ್ನೇ ನಂಬಿದರೆ ಏನಾಗುತ್ತದೆ? ಸೋಂಕು, ಮಾತ್ರೆ, ಮತ್ತೆ ಸೋಂಕು. ಪ್ರತಿ ಸುತ್ತಿನಲ್ಲೂ ನಾಳಕ್ಕೆ ಹೊಸ ಗಾಯ. ಊಟದ ಅಭ್ಯಾಸವನ್ನು ಬೈದು ಬದಲಿಸಲು ಆಗುವುದಿಲ್ಲ, ನಾಲಿಗೆಗೆ ಹತ್ತಿದ ರುಚಿ ಅಷ್ಟು ಸುಲಭವಾಗಿ ಬಿಡುವುದೂ ಇಲ್ಲ. ಆದರೂ ಒಂದು ಮಾತು ಸ್ಪಷ್ಟವಾಗಿರಲಿ. ನಿಂಬೆರಸ, ಖಾರ, ಮದ್ಯ ಇವು ಮೀನಿನೊಳಗಿನ ಮರಿಗಳನ್ನು ಕೊಲ್ಲುತ್ತವೆ ಅನ್ನುವುದು ಸುಮ್ನೆ ನಂಬಿಕೆ. ಚೆನ್ನಾಗಿ ಬೇಯಿಸುವುದೇ ಭರವಸೆಯ ದಾರಿ.

ಇದೇ ಗುಂಪಿನ ಇನ್ನೊಂದು ಹುಳ ಫ್ಯಾಸಿಯೋಲಾ. ಕುರಿ ದನಗಳದ್ದು. ನೀರಲ್ಲಿ ಬೆಳೆಯುವ ಸೊಪ್ಪನ್ನು ಹಸಿಯಾಗಿ ತಿಂದವರಿಗೆ ಬರುತ್ತದೆ. ಇದಕ್ಕೆ ಪ್ರಾಜಿಕ್ವಾಂಟೆಲ್ ನಾಟುವುದಿಲ್ಲ, ಟ್ರೈಕ್ಲಾಬೆಂಡಜೋಲ್ ಬೇಕು. ಸರಿಯಾದ ಔಷಧಿ ಸಿಕ್ಕರೆ ಮುನ್ನೋಟ ಒಳ್ಳೆಯದೇ. ಜಾನುವಾರುಗಳಲ್ಲಿ ಈ ಔಷಧಿಗೆ ಬಗ್ಗದ ಹುಳಗಳು ಹೆಚ್ಚುತ್ತಿರುವುದು ಮಾತ್ರ ಚಿಂತೆಯ ವಿಷಯ.

ಏನೂ ಮಾಡದಿರುವುದೂ ಚಿಕಿತ್ಸೆ

ಮೂರನೆಯದು ನಾಯಿಯ ಲಾಡಿಹುಳದಿಂದ ಬರುವ ಹೈಡಾಟಿಡ್ ಗುಳ್ಳೆ. ನಾಯಿಯ ಮಲದಲ್ಲಿರುವ ಮೊಟ್ಟೆ ಕೈ, ಆಹಾರ, ನೀರಿನ ಮೂಲಕ ಹೊಟ್ಟೆ ಸೇರಿ, ಹೆಚ್ಚಾಗಿ ಲಿವರ್‌ನಲ್ಲಿ, ನೀರು ತುಂಬಿದ ಗುಳ್ಳೆಯಾಗಿ ನಿಧಾನಕ್ಕೆ ಬೆಳೆಯುತ್ತದೆ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಸಿಕ್ಕಿಬೀಳುವುದೇ ಜಾಸ್ತಿ. ಗಾಬರಿಯಾಗಿ ‘ಇವತ್ತೇ ತೆಗೆದುಬಿಡಿ’ ಅನ್ನುವುದು ಸಹಜ. ಆದರೆ ಈ ಕಾಯಿಲೆಯಲ್ಲಿ ಅವಸರ ಮಾಡುವವರು ಕೆಡುತ್ತಾರೆ.

ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಐದು ಹಂತ ಮಾಡಿದ್ದಾರೆ. ಮೊದಲ ಹಂತದ ಗುಳ್ಳೆ 5 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಆಲ್ಬೆಂಡಜೋಲ್ ಮಾತ್ರೆ ಒಂದೇ ಸಾಕಾಗಬಹುದು. ದೊಡ್ಡದಿದ್ದರೆ ಸೂಜಿ ಚುಚ್ಚಿ, ನೀರು ಎಳೆದು, ಹುಳ ಕೊಲ್ಲುವ ದ್ರಾವಣ ಹಾಕಿ, ಮತ್ತೆ ಎಳೆಯುವ ವಿಧಾನ ಇದೆ. ಒಳಗೆ ಮರಿಗುಳ್ಳೆಗಳು ತುಂಬಿದ್ದರೆ ಆಪರೇಷನ್ ಕಡೆಗೆ ವಾಲುತ್ತಾರೆ. ಕೊನೆಯ ಎರಡು ಹಂತದವು ತಾವಾಗೇ ಸತ್ತು ಗಟ್ಟಿಯಾದವು. ತೊಂದರೆ ಕೊಡದಿದ್ದರೆ ಅವನ್ನು ಮುಟ್ಟದೆ ಆಗಾಗ ಸ್ಕ್ಯಾನ್ ಮಾಡಿ ನೋಡಿದರೆ ಸಾಕು. ಇದೇನು ಅಂತ ಗೊತ್ತಿಲ್ಲದೆ ಸೂಜಿ ಚುಚ್ಚುವುದು ಮಾತ್ರ ಅಪಾಯ. ಒಳಗಿನ ನೀರು ಸೋರಿದರೆ ಜೀವಕ್ಕೇ ಎರವಾಗುವ ಅಲರ್ಜಿ ಆಗಬಹುದು, ಹೊಟ್ಟೆ ತುಂಬ ಹೊಸ ಗುಳ್ಳೆಗಳು ಏಳಬಹುದು. ಸರಿಯಾದ ಹಂತಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕರೆ ಈ ಕಾಯಿಲೆಯವರು ಹೆಚ್ಚಾಗಿ ಪೂರ್ತಿ ಆಯುಸ್ಸು ಬದುಕುತ್ತಾರೆ. ಮರುಕಳಿಸುವುದುಂಟು, ಅದಕ್ಕೇ ಹಲವು ವರ್ಷ ತಪಾಸಣೆ.

ಆಲ್ಬೆಂಡಜೋಲ್ ಬಗ್ಗೆ ಒಂದು ಚಿಕ್ಕ ವಿಷಯ ಹೇಳಿಬಿಡುತ್ತೇನೆ. ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡರೆ ಮಾತ್ರ ಇದು ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಲಿವರ್ ಕಾಯಿಲೆ ಅಂತ ಎಣ್ಣೆ, ತುಪ್ಪ ಪೂರ್ತಿ ಬಿಟ್ಟು, ಖಾಲಿ ಹೊಟ್ಟೆಗೆ ನುಂಗಿದರೆ ಮಾತ್ರೆ ನುಂಗಿಯೂ ಅರ್ಧ ವ್ಯರ್ಥ. ತಿಂಗಳುಗಟ್ಟಲೆ ತೆಗೆದುಕೊಳ್ಳುವಾಗ ಲಿವರ್ ಪರೀಕ್ಷೆ, ಬಿಳಿ ರಕ್ತಕಣಗಳ ಎಣಿಕೆ ಆಗಾಗ ಆಗಬೇಕು. ಗರ್ಭಿಣಿಯರಿಗೆ ಇದನ್ನು ವೈದ್ಯರು ಬಹಳ ಯೋಚಿಸಿಯೇ ಕೊಡುತ್ತಾರೆ.

ಇದರ ದಾಯಾದಿ ಅಲ್ವಿಯೋಲಾರ್ ಎಕಿನೊಕಾಕೋಸಿಸ್. ನರಿಯ ಲಾಡಿಹುಳದ್ದು. ಪಶ್ಚಿಮ ಚೀನಾ, ಮಧ್ಯ ಏಷ್ಯಾ, ಯುರೋಪಿನ ಆಲ್ಪ್ಸ್ ಪ್ರದೇಶಗಳಲ್ಲಿ ಕಾಣುತ್ತದೆ. ಇದು ಗುಂಡಗೆ ಬೆಳೆಯುವುದಿಲ್ಲ. ಬೇರು ಬಿಟ್ಟ ಹಾಗೆ ಲಿವರ್‌ನೊಳಗೆ ಹರಡುತ್ತದೆ, ರಕ್ತನಾಳ, ಪಿತ್ತನಾಳಗಳನ್ನು ಹೊಕ್ಕುತ್ತದೆ, ಶ್ವಾಸಕೋಶ, ಮಿದುಳಿಗೂ ಹಾರುತ್ತದೆ. ವೈದ್ಯರು ಇದನ್ನು ಕ್ಯಾನ್ಸರ್ ಥರವೇ ಹಂತ ಹಾಕಿ ನೋಡುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ರೋಗ ಪತ್ತೆಯಾದ 10ರಿಂದ 15 ವರ್ಷದೊಳಗೆ 90ಕ್ಕೂ ಹೆಚ್ಚು ಶೇಕಡಾ ಜನ ಸಾಯುತ್ತಿದ್ದರು. ಈಗ? ಪೂರ್ತಿ ಕತ್ತರಿಸಿ ತೆಗೆಯಲು ಆದರೆ ಆಪರೇಷನ್, ಆಮೇಲೆ ಕನಿಷ್ಠ 2 ವರ್ಷ ಆಲ್ಬೆಂಡಜೋಲ್. ತೆಗೆಯಲು ಆಗದಿದ್ದರೆ ಬಹುತೇಕ ಜೀವನಪೂರ್ತಿ ಮಾತ್ರೆ. ಈ ಮಾತ್ರೆ ಹುಳವನ್ನು ಕೊಲ್ಲುವುದಕ್ಕಿಂತ ಬೆಳೆಯದಂತೆ ಕಟ್ಟಿಹಾಕುವುದೇ ಹೆಚ್ಚು. ಬಿಟ್ಟರೆ ಮತ್ತೆ ಚಿಗುರಬಹುದು. ಆದರೂ ಒಳ್ಳೆಯ ಆರೈಕೆ ಸಿಗುವ ಕಡೆ ರೋಗಿಗಳು ದಶಕಗಟ್ಟಲೆ ಬದುಕುತ್ತಿದ್ದಾರೆ. ಹುಳದ ಲಿವರ್ ಕಾಯಿಲೆಗಳಲ್ಲಿ ಇಷ್ಟು ದೊಡ್ಡ ಬದಲಾವಣೆ ಇನ್ನೊಂದರಲ್ಲಿ ಆಗಿಲ್ಲ ಅಂತ ನನ್ನ ಲೆಕ್ಕ.

ಬೇರೆಯವರ ಲಿವರ್ ಹಾಕುವುದರಲ್ಲಿ ಇಲ್ಲೊಂದು ತೊಡಕಿದೆ. ಕಸಿ ಒಗ್ಗಲಿ ಅಂತ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡಬೇಕು, ಅದರಿಂದ ಅಳಿದುಳಿದ ಹುಳಕ್ಕೆ ಹಬ್ಬ. ಅದಕ್ಕೇ ಚೀನಾದ ಶಿಂಜಿಯಾಂಗ್‌ನ ತಜ್ಞರು ರೋಗಿಯ ಲಿವರನ್ನೇ ಹೊರತೆಗೆದು, ಹುಳ ಹಿಡಿದ ಭಾಗ ಕತ್ತರಿಸಿ, ಉಳಿದದ್ದನ್ನು ಮತ್ತೆ ಅವರಿಗೇ ಜೋಡಿಸುವ ದಾರಿ ಹಿಡಿದರು. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಲೆಕ್ಕಕ್ಕೆ ಸಿಗದವರು

ಔಷಧಿಗಳಿವೆ, ವಿಧಾನಗಳಿವೆ. ಹಾಗಿದ್ದೂ ಯಾಕೆ ಜನ ತಡವಾಗಿ ಬರುತ್ತಾರೆ? ನನಗೆ ಕಾಣುವ ಮಟ್ಟಿಗೆ, ನಾವು ಎಣಿಸುತ್ತಿರುವುದೇ ತಪ್ಪು ಜಾಗದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಶಿಸ್ಟೊಸೋಮಿಯಾಸಿಸ್ ತಡೆಗೆ ಮಾತ್ರೆ ಬೇಕಾಗಿದ್ದವರು 25 ಕೋಟಿಗೂ ಹೆಚ್ಚು. ಸಿಕ್ಕಿದ್ದು ಸುಮಾರು 7.5 ಕೋಟಿ ಜನರಿಗೆ. ಜರ್ಮನಿಯ ಮೆರ್ಕ್ ಕಂಪನಿ ವರ್ಷಕ್ಕೆ 25 ಕೋಟಿವರೆಗೆ ಮಾತ್ರೆ ದಾನವಾಗಿ ಕೊಡುತ್ತದೆ, ಅದರಲ್ಲಿ ಹೆಚ್ಚಿನವು ಶಾಲೆಯ ಮಕ್ಕಳಿಗೆ ಹೋಗುತ್ತವೆ. ಸಣ್ಣ ಮಕ್ಕಳಿಗೆ ದೊಡ್ಡ ಕಹಿ ಮಾತ್ರೆಯನ್ನು ಪುಡಿಮಾಡಿ ಕೊಡಬೇಕಿತ್ತು. ಅವರಿಗೆಂದೇ ಮಾಡಿದ ಆರ್‌ಪ್ರಾಜಿಕ್ವಾಂಟೆಲ್‌ಗೆ 2023ರ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸಮ್ಮತಿ ಸಿಕ್ಕಿತು. 3 ತಿಂಗಳ ಕೂಸಿನಿಂದ 6 ವರ್ಷದವರೆಗಿನ ಮಕ್ಕಳಿಗೆ ಅದು. ಕಲೆ ಬೀಳುವ ಮೊದಲೇ ಹುಳ ಕೊಲ್ಲುವುದಾದರೆ ಈ ವಯಸ್ಸಿಗಿಂತ ಒಳ್ಳೆಯ ಸಮಯ ಇಲ್ಲ, ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿ ನೋಡಿ. ಭಾರೀ ಸೋಂಕು ಇರುವವರ ಪ್ರಮಾಣ 1 ಶೇಕಡಾಕ್ಕಿಂತ ಕೆಳಗೆ ಬಂದರೆ ಆ ಕಾಯಿಲೆ ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲ ಎಂದು ಲೆಕ್ಕ. ಭಾರೀ ಸೋಂಕು ಅಂದರೆ ಮಲದಲ್ಲಿ ಮೊಟ್ಟೆಗಳ ಎಣಿಕೆ. 45 ವರ್ಷದ, ಲಿವರ್‌ನಲ್ಲಿ ಕಲೆ ಬಲಿತ ಒಬ್ಬ ಮೀನುಗಾರನ ಮಲದಲ್ಲಿ ಈಗ ಒಂದು ಮೊಟ್ಟೆಯೂ ಇರದಿರಬಹುದು. ಹುಳಗಳು ಸತ್ತು ಎಷ್ಟೋ ವರ್ಷ ಆಗಿರಬಹುದು. ಲೆಕ್ಕದ ಪುಸ್ತಕದಲ್ಲಿ ಅವನು ಆರೋಗ್ಯವಂತ. ಅನ್ನನಾಳದ ರಕ್ತನಾಳ ಮಾತ್ರ ಯಾವಾಗ ಒಡೆಯುತ್ತದೋ ಗೊತ್ತಿಲ್ಲ. ಮಾತ್ರೆ ಹಳ್ಳಿಯ ಶಾಲೆಗೆ ಬರುತ್ತದೆ, ಎಂಡೋಸ್ಕೋಪಿ ನಗರ ಬಿಟ್ಟು ಬರುವುದಿಲ್ಲ.

ಅದರ ಮೇಲೆ ಹಣದ ಪ್ರಶ್ನೆ. 2025ರ ಶುರುವಿನಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಇಂಥ ನಿರ್ಲಕ್ಷಿತ ಕಾಯಿಲೆಗಳ ಕಾರ್ಯಕ್ರಮಗಳಿಗೂ ಏಟು ಬಿತ್ತು. ದಾನದ ಮಾತ್ರೆ ಬಂದರೂ ಹಂಚುವವರಿಗೆ ಸಂಬಳ ಬೇಕಲ್ಲ.

ನೀರಿನ ಕಡೆಯಿಂದ ಕೆಲಸ ಮಾಡಿದವರು ಗೆದ್ದ ಉದಾಹರಣೆ ಇದೆ. ಜಪಾನ್ ಬಸವನಹುಳುಗಳಿರುವ ಕಾಲುವೆಗಳಿಗೆ ಕಾಂಕ್ರೀಟ್ ಹಾಕಿ, ದಶಕಗಳ ಕಾಲ ಬೆನ್ನುಬಿಡದೆ, 1996ರಲ್ಲಿ ಕಾಯಿಲೆ ಮುಗಿಯಿತೆಂದು ಘೋಷಿಸಿತು. ಉಲ್ಟಾ ಉದಾಹರಣೆಯೂ ಇದೆ. ಸೆನೆಗಲ್ ನದಿಗೆ 1986ರಲ್ಲಿ ಡಯಾಮಾ ಅಣೆಕಟ್ಟು ಕಟ್ಟಿದ ಮೇಲೆ ಉಪ್ಪುನೀರು ಒಳಬರುವುದು ನಿಂತಿತು, ಬಸವನಹುಳು ಹೆಚ್ಚಿದವು. ಎರಡೇ ವರ್ಷದಲ್ಲಿ ರಿಷಾರ್ ತೋಲ್ ಪಟ್ಟಣದಲ್ಲಿ ಕಾಯಿಲೆ ಕಾಣಿಸಿಕೊಂಡು ಹಬ್ಬಿತು.

ಜನ ವಲಸೆ ಹೋದಾಗ ಹುಳವೂ ಜೊತೆಗೆ ಹೋಗುತ್ತದೆ. ಈ ಕಾಯಿಲೆಯನ್ನೇ ಕಂಡಿರದ ಊರಿನ ಆಸ್ಪತ್ರೆಗೆ, 20 ವರ್ಷದ ಹಿಂದೆ ಸೋಂಕಾದ ಒಬ್ಬರು ದೊಡ್ಡ ಗುಲ್ಮ ಹೊತ್ತು ಬರುತ್ತಾರೆ. ಮಲಪರೀಕ್ಷೆಯಲ್ಲಿ ಏನೂ ಇಲ್ಲ. ಹೆಪಟೈಟಿಸ್ ಇಲ್ಲ, ಕುಡಿತ ಇಲ್ಲ. ಚಿಕ್ಕವರಿದ್ದಾಗ ಎಲ್ಲಿದ್ದಿರಿ, ಯಾವ ನೀರಲ್ಲಿ ಈಜುತ್ತಿದ್ದಿರಿ, ಹಸಿ ಮೀನು ತಿನ್ನುತ್ತಿದ್ದಿರಾ, ಮನೆಯಲ್ಲಿ ಕುರಿ ನಾಯಿ ಇದ್ದವಾ ಅಂತ ಯಾರಾದರೂ ಕೇಳಿದರೆ, ಸ್ಕ್ಯಾನ್ ನೋಡುವವರು ಪೋರ್ಟಲ್ ರಕ್ತನಾಳದ ಸುತ್ತಲಿನ ಆ ಬಿಳಿ ಗೆರೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಯಾರೂ ಕೇಳದಿದ್ದರೆ ಫೈಲಿನಲ್ಲಿ ‘ಕಾರಣ ತಿಳಿಯದ ಸಿರೋಸಿಸ್’ ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ.